ಬೀಗ ತಿರುಗಿಸುವ ಮೊದಲೇ ಫೋನ್ ನೋಡಿ

(ವೇಮಗಲ್‌ನಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಸಂಸ್ಥೆಯ ಕಾರ್ಯಕರ್ತೆಯೊಬ್ಬರು ಆಡಿದ ಮಾತು)



ಉಳಿತಾಯ, ಸಾಲ, ಬಡ್ಡಿ ಲೆಕ್ಕ ಎಲ್ಲ ಮುಗೀತು. ಈಗ ಹತ್ತು ನಿಮಿಷ ಬೇರೆ ವಿಷಯ ಮಾತಾಡೋಣ. ನಿಮ್ಮಲ್ಲಿ ಸ್ಕೂಟರ್ ಓಡಿಸೋರು ಎಷ್ಟು ಜನ, ಕೈ ಎತ್ತಿ. ಗಂಡನೋ ಮಗನೋ ಟೆಂಪೋ, ಆಟೋ ಓಡಿಸೋರು? ನರಸಾಪುರದ ಕಂಪನಿಗೆ ಬೈಕಿನಲ್ಲಿ ಹೋಗೋರು? ನೋಡಿ, ಎಲ್ಲರ ಕೈಯೂ ಮೇಲಿದೆ. ಹಾಗಾದರೆ ಈ ಮಾತು ಎಲ್ಲರಿಗೂ ಸೇರಿದ್ದು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಟೊಮೆಟೊ ಬಾಕ್ಸ್ ತುಂಬಿಕೊಂಡು ಬೆಳಗಿನ ಜಾವ ಕೋಲಾರದ ಮಾರ್ಕೆಟ್‌ಗೆ ಹೊರಟಿದ್ದ. ಹರಾಜಿಗೆ ತಡವಾಗುತ್ತೆ ಅಂತ ಅವಸರ. ಎಲ್ಲಿ ಟ್ರಾಫಿಕ್ ಇದೆ ಅಂತ ಫೋನಿನ ಮ್ಯಾಪಿನಲ್ಲಿ ನೋಡ್ತಾ ಹೋಗ್ತಿದ್ದ. ಅದೇ ಹೊತ್ತಿಗೆ ನಾನು ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಎತ್ತಿದ. "ಎಲ್ಲಿದ್ದೀಯೋ?" ಅಂದೆ ಅಷ್ಟೇ. ಮುಂದೆ ಲೈಟ್ ಇಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಅವನಿಗೆ ಕಾಣಲಿಲ್ಲ. ದೇವರ ದಯೆ, ಜೀವ ಉಳೀತು. ಆದರೆ ಕಾಲಿಗೆ ರಾಡ್ ಹಾಕಿದರು, ತಿಂಗಳುಗಟ್ಟಲೆ ದುಡಿಮೆ ಇಲ್ಲ. ಹಸು ತರೋಣ ಅಂತ ಅವನ ಹೆಂಡತಿ ಸಂಘದಲ್ಲಿ ಪಡೆದ ಸಾಲ ಆಸ್ಪತ್ರೆಗೆ ಹೋಯಿತು. ಫೋನ್ ನೋಡಿದ್ದು ಅವನ ತಪ್ಪು ಅಂತ ಎಲ್ಲರೂ ಅಂದರು. ಮೂರು ಸಲ ಫೋನ್ ಮಾಡಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ನನಗೆ ಗೊತ್ತು.

ಒಂದು ಲೆಕ್ಕ ಹೇಳ್ತೀನಿ. ಗಾಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ಫೋನ್ ಕಡೆ ಮೂರು ಸೆಕೆಂಡ್ ಕಣ್ಣು ಹಾಯಿಸಿದರೆ 33 ಮೀಟರ್. ನಮ್ಮ ಐದೂವರೆ ಮೀಟರಿನ ಸೀರೆ ಆರು ಹಾಸಿದಷ್ಟು ದೂರ ಕಣ್ಣು ಮುಚ್ಚಿಕೊಂಡು ಹೋದ ಹಾಗೆ! ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು.

ಹಾಗಂತ ಮ್ಯಾಪ್ ಕೆಟ್ಟದ್ದಲ್ಲ. ರಸ್ತೆಯಲ್ಲಿ ಹೋಗುತ್ತಿರುವ ಜನರ ಫೋನುಗಳು ಎಷ್ಟು ವೇಗದಲ್ಲಿ ಚಲಿಸುತ್ತಿವೆ ಎಂಬುದರಿಂದ ಅದು ಟ್ರಾಫಿಕ್ ತಿಳಿಯುತ್ತದೆ. ನಿಧಾನವಾದರೆ ಕೆಂಪು, ಸರಾಗವಾದರೆ ಹಸಿರು. ಆದರೆ ನಮ್ಮ ಹಳ್ಳಿ ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುರುಳಿ, ಅಡ್ಡ ಬರುವ ಹಸು, ಮಳೆಗೆ ಬಿದ್ದ ಹೊಂಡ, ಇವೆಲ್ಲ ಅದಕ್ಕೆ ಕಾಣೋದಿಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ಕಾರೊಂದು ಪೂರ್ತಿಯಾಗದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅವರು ಮ್ಯಾಪ್ ನಂಬಿ ಹೋಗುತ್ತಿದ್ದರೆಂದು ವರದಿಯಾಯಿತು. ಮ್ಯಾಪ್ ದಾರಿ ತೋರಿಸಬಹುದು, ದಾರಿ ನೋಡಬೇಕಾದದ್ದು ನಮ್ಮ ಕಣ್ಣೇ.

ಕಾನೂನು ಏನು ಹೇಳುತ್ತೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಫೋನ್ ಕೈಯಲ್ಲಿ ಹಿಡಿದು ಓಡಿಸುವುದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿವರೆಗೆ ದಂಡ ಬೀಳಬಹುದು, ಜೈಲೂ ಆಗಬಹುದು. 2020ರ ಅಕ್ಟೋಬರ್‌ನಿಂದ ಜಾರಿಯಾದ ನಿಯಮದಂತೆ ದಾರಿ ತಿಳಿಯಲು ಮಾತ್ರ ಫೋನ್ ಬಳಸಬಹುದು. ಅದೂ ಓಡಿಸುವವರ ಗಮನ ಕೆಡದ ಹಾಗೆ.

ಹಾಗಾದರೆ ನಾವೇನು ಮಾಡಬೇಕು?

1. ಬೀಗ ತಿರುಗಿಸುವ ಮೊದಲೇ ಮ್ಯಾಪ್ ನೋಡಿ. ಹೋಗುವ ಊರು ಹಾಕಿ, ಕೆಂಪು ಎಲ್ಲಿದೆ ತಿಳಿದುಕೊಳ್ಳಿ.

2. ಫೋನನ್ನು ಸ್ಟ್ಯಾಂಡಿಗೆ ಭದ್ರವಾಗಿ ಹಾಕಿ, ಧ್ವನಿ ಜೋರು ಮಾಡಿ. ಅದು ಕನ್ನಡದಲ್ಲೇ ದಾರಿ ಹೇಳುತ್ತದೆ. ಫೋನನ್ನು ಹೆಲ್ಮೆಟ್ ಒಳಗೆ ತುರುಕಬೇಡಿ.

3. ದಾರಿ ತಪ್ಪಿದರೆ ತಪ್ಪಲಿ. ಪೆಟ್ರೋಲ್ ಬಂಕ್, ಬಸ್ ಸ್ಟಾಪ್ ಅಂಥ ಕಡೆ ರಸ್ತೆಯಿಂದ ಪೂರ್ತಿ ಇಳಿಸಿ ನಿಲ್ಲಿಸಿ, ಆಮೇಲೆ ನೋಡಿ. ಹೆದ್ದಾರಿಯ ಮೇಲೆ ನಿಲ್ಲಿಸಬೇಡಿ.

4. ಹಿಂದೆ ಕೂತವರಿದ್ದರೆ ಫೋನ್ ಅವರ ಕೈಗೆ ಕೊಡಿ. ಅವರೇ ನೋಡಿ ಹೇಳಲಿ.

5. ಇದು ಮನೆಯಲ್ಲಿರುವ ನಮಗೆ. ಫೋನ್ ಮಾಡಿದಾಗ ಮೊದಲ ಮಾತು "ಗಾಡಿ ಮೇಲಿದ್ದೀಯಾ?" ಅಂತಿರಲಿ. ಹೌದು ಅಂದರೆ "ನಿಲ್ಲಿಸಿ ಮಾಡು" ಅಂತ ಇಟ್ಟುಬಿಡಿ. ಎತ್ತದಿದ್ದರೆ ಮೇಲಿಂದ ಮೇಲೆ ಮಾಡಬೇಡಿ. ಎತ್ತಲಿಲ್ಲ ಅಂದರೆ ಹುಷಾರಾಗಿ ಓಡಿಸ್ತಿದ್ದಾನೆ ಅಂತ ತಿಳಿದು ಸಮಾಧಾನ ಮಾಡಿಕೊಳ್ಳಿ.

ಹೊಸ ಗಾಡಿ ಬಂದರೆ ಕೆಲವರು ಕೋಲಾರಮ್ಮನಿಗೆ ಪೂಜೆ ಮಾಡಿಸಿ ಚಕ್ರಕ್ಕೆ ನಿಂಬೆಹಣ್ಣು ಇಡ್ತಾರೆ, ಕೆಲವರು ಗುರುಗಳ ಹತ್ತಿರ ಆಶೀರ್ವಾದ ಮಾಡಿಸ್ತಾರೆ. ಎರಡೂ ಒಳ್ಳೆಯದೇ. ಆದರೆ ದೇವರು ಕೊಟ್ಟ ಕಣ್ಣು ರಸ್ತೆ ಮೇಲಿರಬೇಕು.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಯಲಿ: "ಗಾಡಿ ಓಡಿಸುವಾಗ ಫೋನ್ ಎತ್ತುವುದಿಲ್ಲ, ಓಡಿಸುವವರಿಗೆ ಫೋನ್ ಮಾಡುವುದಿಲ್ಲ." ಎಲ್ಲರೂ ಸಹಿ ಹಾಕಿ. ಮನೆಗೆ ಹೋಗಿ ಗಂಡನಿಗೂ ಮಕ್ಕಳಿಗೂ ಓದಿ ಹೇಳಿ. ಹರಾಜು ನಾಳೆಯೂ ನಡೆಯುತ್ತದೆ. ಮನೆಯವರು ಇವತ್ತು ಮನೆಗೆ ಬರಲಿ.