ರಸ್ತೆಯ ಬದಿ ಮತ್ತು ಕಾನೂನು: ಬಳ್ಳಾರಿ ರಸ್ತೆಯ ವಾಹನ ನಿಲುಗಡೆ

ಹೊರವಲಯದ ರಸ್ತೆಗಳಲ್ಲಿ ವಾಹನ ನಿಲ್ಲಿಸುವುದಕ್ಕೆ ಸಂಬಂಧಿಸಿದ ನಿಯಮಗಳ ಇತಿಹಾಸವು ಮೋಟಾರು ವಾಹನಕ್ಕಿಂತ ಹಳೆಯದು. 1860ರ ಭಾರತೀಯ ದಂಡ ಸಂಹಿತೆಯ 283ನೆಯ ಕಲಮು ಸಾರ್ವಜನಿಕ ದಾರಿಯಲ್ಲಿ ಅಡಚಣೆ ಉಂಟುಮಾಡುವವರಿಗೆ 200 ರೂಪಾಯಿವರೆಗೆ ದಂಡ ಗೊತ್ತುಪಡಿಸಿತ್ತು. ಎತ್ತು ಬಿಚ್ಚಿ ಗಾಡಿಯ ಮೂಕಿಯನ್ನು ದಾರಿಗೆ ಚಾಚಿ ಹೋದವನೂ, ದಾರಿಯ ಮೇಲೆ ಸರಕು ರಾಶಿ ಹಾಕಿದವನೂ ಅದರ ದೃಷ್ಟಿಯಲ್ಲಿ ಸಮಾನರಾಗಿದ್ದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮು ಇದೇ ಅಪರಾಧವನ್ನು ಉಳಿಸಿಕೊಂಡು, ದಂಡದ ಮಿತಿಯನ್ನು 5,000 ರೂಪಾಯಿಗೆ ಏರಿಸಿದೆ.

1939ರ ಮೋಟಾರು ವಾಹನ ಕಾಯ್ದೆಯ ಸ್ಥಾನದಲ್ಲಿ ಬಂದ 1988ರ ಕಾಯ್ದೆಯು ಈ ವಿಷಯವನ್ನು ವಿಂಗಡಿಸಿ ಹೇಳುತ್ತದೆ. ಅದರ 122ನೆಯ ಕಲಮು ಅಪಾಯ ಅಥವಾ ಅಡಚಣೆಯಾಗುವಂತೆ ವಾಹನ ಬಿಟ್ಟುಹೋಗುವುದನ್ನು ನಿಷೇಧಿಸಿದರೆ, 127ನೆಯದು ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ವಾರಸುದಾರರಿಲ್ಲದೆ ನಿಂತ ವಾಹನವನ್ನು ಎಳೆದೊಯ್ಯಿಸುವ ಅಧಿಕಾರವನ್ನು ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿಗೆ ಕೊಡುತ್ತದೆ. 1989ರ ರಸ್ತೆ ನಿಯಮಾವಳಿಯು ತಿರುವು, ದಿಬ್ಬದ ನೆತ್ತಿ, ಉಬ್ಬು ಸೇತುವೆ, ವೇಗದ ಸಂಚಾರವುಳ್ಳ ಮುಖ್ಯರಸ್ತೆ ಮುಂತಾದ ಕಡೆ ನಿಲುಗಡೆಯನ್ನು ತಡೆಯಿತು. 2017ರಲ್ಲಿ ಹೊಸ ಚಾಲನಾ ನಿಯಮಾವಳಿಯು ಅದರ ಜಾಗಕ್ಕೆ ಬಂದಿತು.

ಈ ನಿಷೇಧಗಳನ್ನು ಪಾಲಿಸಲು ಹಳ್ಳಿಗಾಡಿನ ರಸ್ತೆಯಲ್ಲಿ ನೆರವಾಗುತ್ತಿದ್ದುದು ಡಾಂಬರಿನಾಚೆಯ ಮಣ್ಣಿನ ಅಂಚು. ಅಂಚಿಗಿಳಿಯಲಾಗದೆ ಕೆಟ್ಟುನಿಂತ ಲಾರಿಯ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಸೊಪ್ಪಿನ ಟೊಂಗೆ ನೆಟ್ಟು ಎಚ್ಚರಿಸುವ ರೂಢಿ ಇಂದಿಗೂ ಇದೆ; ಲಾರಿ ಹೊರಟ ಮೇಲೂ ರಸ್ತೆಯಲ್ಲೇ ಉಳಿಯುವ ಆ ಕಲ್ಲು ರಾತ್ರಿಯ ದ್ವಿಚಕ್ರ ಸವಾರರಿಗೆ ಕಂಟಕವಾಗುತ್ತದೆ.

ಬೆಂಗಳೂರಿನ ಹೆಬ್ಬಾಳದಿಂದ ಯಲಹಂಕದ ಮೂಲಕ ದೇವನಹಳ್ಳಿಗೆ ಸಾಗುವ ಬಳ್ಳಾರಿ ರಸ್ತೆಯಲ್ಲಿ ಈ ಮಣ್ಣಿನ ಅಂಚು ಸುಮಾರು ಒಂದು ದಶಕದಲ್ಲಿ ಬಹುಮಟ್ಟಿಗೆ ಕಣ್ಮರೆಯಾಯಿತು. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ತೆರೆದುಕೊಂಡಿತು. 2007ರಲ್ಲಿ ಯಲಹಂಕ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. 2014ರ ವೇಳೆಗೆ ಎತ್ತರಿಸಿದ ಹೆದ್ದಾರಿ ಸಂಚಾರಕ್ಕೆ ಮುಕ್ತವಾಯಿತು. ಊರುಗಳ ನಡುವೆ ಬೇಕಾದಲ್ಲಿ ನಿಲ್ಲುತ್ತಿದ್ದ ವಾಹನಗಳಿಗೆ ಇಕ್ಕಟ್ಟಾದ ಸರ್ವಿಸ್ ರಸ್ತೆಯೇ ಗತಿಯಾಯಿತು.

1988ರ ಕಾಯ್ದೆಯ ಮತ್ತೊಂದು ಕಲಮು, 117ನೆಯದು, ಇಲ್ಲಿ ಮುಖ್ಯವಾಗುತ್ತದೆ. ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ನಿಲುಗಡೆಯ ತಾಣಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೆ ನೀಡುತ್ತದೆಯಾದರೂ, ಗೊತ್ತುಪಡಿಸಲೇಬೇಕೆಂದು ವಿಧಿಸುವುದಿಲ್ಲ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತಿರುವ ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಿ ಈ ಅಧಿಕಾರದ ಪ್ರಯೋಜನವು ಸ್ಪಷ್ಟವಾಗುತ್ತದೆ. ಈಚಿನ ವರ್ಷಗಳಲ್ಲಿ ಬಳ್ಳಾರಿ ರಸ್ತೆಯ ಬದಿಯಲ್ಲಿ ನಿಲುಗಡೆಯನ್ನು ನಿಷೇಧಿಸುವುದರ ಜೊತೆಗೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಜಕ್ಕೂರು ವಿಮಾನ ಕ್ಷೇತ್ರಗಳಲ್ಲಿ ಜಾಗ ಒದಗಿಸಿ, ಅಲ್ಲಿಂದ ಬಸ್ಸುಗಳನ್ನು ಬಿಡಲಾಗಿದೆ. ನಿಲ್ಲಿಸಬಾರದ ಜಾಗಗಳ ಪಟ್ಟಿಯನ್ನು ಒಂದೂವರೆ ಶತಮಾನದಿಂದ ಬೆಳೆಸಿರುವ ಕಾನೂನು, ನಿಲ್ಲಿಸಬಹುದಾದ ಜಾಗವನ್ನೂ ಕಡ್ಡಾಯದ ಹೊಣೆಯಾಗಿ ಒಪ್ಪಿಕೊಂಡರೆ, ನಗರವಾಗುತ್ತಿರುವ ಹಳ್ಳಿಗಳ ರಸ್ತೆಗಳಲ್ಲಿ ದಂಡಕ್ಕಿಂತ ಹೆಚ್ಚಿನ ಶಿಸ್ತನ್ನು ಅದು ತರಬಲ್ಲದು.