ಕೂಗುವ ಮೊದಲು ಓದೋಣ: ಆನ್‌ಲೈನ್ ಹರಾಜಿನ ಬಗ್ಗೆ ಗಡಿನಾಡ ಗೆಳೆಯರಿಗೆ ನಾಲ್ಕು ಮಾತು

(ಗಡಿನಾಡ ಕನ್ನಡ ಯುವಜನರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ಶಾಲೆ, ಫಲಕ, ಪರೀಕ್ಷೆ ಇದ್ಯಾವುದೂ ಬೇಡ, ದುಡ್ಡಿನ ವಿಷಯ ಮಾತಾಡೋಣ ಅಂತ ಬಂದಿದ್ದೀವಿ. ಆದರೆ ಮಾತು ಮುಗಿಯೋ ಹೊತ್ತಿಗೆ ದುಡ್ಡು ಮತ್ತು ಭಾಷೆ ಎರಡೂ ಒಂದೇ ಗಂಟಿನಲ್ಲಿವೆ ಅಂತ ನಿಮಗೇ ಅನ್ನಿಸುತ್ತೆ.

ನಾವು ಹರಾಜು ಅಂತೀವಿ. ಕಾಸರಗೋಡು, ವಯನಾಡಿನ ನೋಟೀಸಿನಲ್ಲಿ ಅದು 'ಲೇಲಂ'. ಹೊಸೂರು, ತಾಳವಾಡಿಯಲ್ಲಿ 'ಏಲಂ'. ಆದೋನಿ, ಮಡಕಶಿರಾದಲ್ಲಿ 'ವೇಲಂ'. ಅಕ್ಕಲಕೋಟೆ, ಜತ್ತದಲ್ಲಿ 'ಲಿಲಾವ'. ಈ ನಾಲ್ಕೂ ಒಂದೇ ಪೋರ್ಚುಗೀಸ್ ಪದದಿಂದ ಬಂದ ಅಣ್ಣತಮ್ಮಂದಿರು. ಹೆಸರು ಏನೇ ಇರಲಿ, ಷರತ್ತು ಓದದೆ ಕೂಗಿದವನ ಪಾಡು ಮಾತ್ರ ಎಲ್ಲಾ ಕಡೆ ಒಂದೇ.

ಮೊದಲೇ ಹೇಳಿಬಿಡ್ತೀವಿ, ಆನ್‌ಲೈನ್ ಹರಾಜಿಗೆ ಹೋಗಬೇಡಿ ಅಂತ ಹೆದರಿಸೋಕೆ ಬಂದಿಲ್ಲ. ಕೈಯಲ್ಲಿ ಸ್ವಲ್ಪವೇ ಬಂಡವಾಳ ಇರುವ ಹುಡುಗ ಹುಡುಗಿಯರಿಗೆ ಟ್ರ್ಯಾಕ್ಟರ್, ಪಿಕಪ್, ಬೈಕು, ಅಂಗಡಿ ಮಳಿಗೆ ಕಡಿಮೆ ಬೆಲೆಗೆ ಸಿಗೋ ದಾರಿ ಅದು. ಆದರೆ ಹರಾಜು ಅನ್ನೋ ಹೆಸರಿನಲ್ಲಿ ಏನೇನು ನಡೀತಿದೆ ಅಂತ ಗೊತ್ತಿರಬೇಕು.

ಹಿಂದೆ ಬಾಜೀ ಅನ್ನೋ ತಾಣ ಇತ್ತು. 2004ರಲ್ಲಿ ಅದನ್ನು ಈಬೇ ಕೊಂಡಿತು. ಜನರೇ ಜನರಿಗೆ ಹರಾಜಿನಲ್ಲಿ ಮಾರುತ್ತಿದ್ದ ಆ ವ್ಯವಸ್ಥೆ 2018ರಲ್ಲಿ ನಮ್ಮ ದೇಶದಲ್ಲಿ ಮುಚ್ಚಿಹೋಯ್ತು. ಈಗ ನಮ್ಮ ಫೋನಿಗೆ ಬರೋ ದೊಡ್ಡ ಹರಾಜುಗಳು ಮುಖ್ಯವಾಗಿ ಮೂರು ಬಗೆ. ಬ್ಯಾಂಕುಗಳು ಸಾಲಕ್ಕೆ ಹಿಡಿದ ಮನೆ, ಸೈಟು, ಮಳಿಗೆ. ಫೈನಾನ್ಸ್ ಕಂಪನಿಗಳು ಎಳೆದು ತಂದ ವಾಹನ. ಸರ್ಕಾರಿ ಇಲಾಖೆಗಳ ಹಳೇ ಸಾಮಾನು. ಇವು ಮೂರನ್ನೂ ಬಿಟ್ಟು ನಾಲ್ಕನೆಯದೊಂದಿದೆ: ಹರಾಜೇ ಅಲ್ಲದ ಹರಾಜು. ವಾಟ್ಸಾಪ್ ಗುಂಪಿನಲ್ಲಿ, ಟೆಲಿಗ್ರಾಮಿನಲ್ಲಿ, 'ಇವತ್ತೇ ಕೊನೆ ದಿನ, ಮುಂಗಡ ಕಟ್ಟಿ' ಅಂತ ಬರುತ್ತಲ್ಲ, ಅದು.

ನಾಲ್ಕನೆಯದನ್ನು ಗುರುತಿಸೋದು ಹೇಗೆ? ಸೊಲ್ಲಾಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಸವಾಲು ಕೂಗುವವನು ಮೊದಲು ಚೀಲಕ್ಕೆ ಕೈ ಹಾಕ್ತಾನೆ. ನಮ್ಮ ಕಾಸರಗೋಡಿನ ಅಡಿಕೆ ವ್ಯಾಪಾರಿ ಒಂದೆರಡು ಅಡಿಕೆ ಒಡೆದು ನೋಡದೆ ಬೆಲೆ ಹೇಳಲ್ಲ. ಆನ್‌ಲೈನ್ ಹರಾಜಿಗೂ ಅದೇ ನಿಯಮ. ನಿಜವಾದ ಹರಾಜಿನಲ್ಲಿ ಮಾಲನ್ನು ನೋಡೋಕೆ ದಿನ ಮತ್ತು ಜಾಗ ಕೊಟ್ಟಿರುತ್ತಾರೆ. 'ನೋಡೋಕೆ ಆಗಲ್ಲ, ಮಿಲಿಟರಿ ಕ್ಯಾಂಪಿನಲ್ಲಿದೆ, ಕಸ್ಟಮ್ಸ್ ಗೋದಾಮಿನಲ್ಲಿದೆ' ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಮುಂಗಡ ಠೇವಣಿ ಸಂಸ್ಥೆಯ ಖಾತೆಗೆ ಹೋಗಬೇಕು, ಯಾವನೋ ಒಬ್ಬನ ಯುಪಿಐ ನಂಬರಿಗಲ್ಲ. ದುಡ್ಡು ನಿಮಗೆ ವಾಪಸ್ ಬರೋಕೆ ಪಿನ್ ಒತ್ತೋ ಅಗತ್ಯ ಯಾವತ್ತೂ ಇಲ್ಲ, ಪಿನ್ ಕೇಳಿದರೆ ಅದು ಹೋಗೋ ದುಡ್ಡು. ಹರಾಜಿನ ಆ್ಯಪ್ ಅಂತ ಎಪಿಕೆ ಫೈಲು ಕಳಿಸಿದರೆ ಮುಟ್ಟಬೇಡಿ. ಸಾರ್ವಜನಿಕ ವಲಯದ ಬ್ಯಾಂಕುಗಳ ಆಸ್ತಿ ಹರಾಜಿಗೆ 'ಬ್ಯಾಂಕ್‌ನೆಟ್' ತಾಣ ಇದೆ. ಸರ್ಕಾರಿ ಸಾಮಾನುಗಳ ಹರಾಜನ್ನು ಹೆಚ್ಚಾಗಿ ಕೇಂದ್ರ ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿ ನಡೆಸುತ್ತೆ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ, ನೀವೇ ಹುಡುಕಿ ಹೋಗಿ. ಅನುಮಾನ ಇದ್ದರೆ ನೋಟೀಸಿನಲ್ಲಿರೋ ಶಾಖೆಗೇ ಹೋಗಿ ಕೇಳಿ, ಮೆಸೇಜಿನಲ್ಲಿ ಬಂದ ನಂಬರಿಗೆ ಫೋನ್ ಮಾಡಿ ಕೇಳಬೇಡಿ.

ಇನ್ನು ನಿಜವಾದ ಹರಾಜಿಗೆ ಬರೋಣ. ಇಲ್ಲಿ ಮೋಸ ಇರಲ್ಲ, ಷರತ್ತು ಇರುತ್ತೆ. ನಮ್ಮವರು ಹೆಚ್ಚು ಸೋಲೋದು ಇಲ್ಲೇ. ನೋಟೀಸಿನಲ್ಲಿ ಒಂದು ಸಾಲು ಇದ್ದೇ ಇರುತ್ತೆ: 'ಇದ್ದಲ್ಲಿ ಇದ್ದಂತೆ, ಹೇಗಿದೆಯೋ ಹಾಗೆ.' ಅಂದರೆ ಎಂಜಿನ್ ಕೆಟ್ಟಿದ್ದರೂ, ಮನೆಯಲ್ಲಿ ಬಾಡಿಗೆದಾರ ಕೂತಿದ್ದರೂ, ತೆರಿಗೆ ಬಾಕಿ ಇದ್ದರೂ, ಅದು ಇನ್ನು ನಿಮ್ಮ ತಲೆನೋವು.

ವಾಹನದ ಲೆಕ್ಕ ನೋಡಿ. ಕಲಬುರಗಿಯಲ್ಲಿ ನೋಂದಣಿಯಾದ ಪಿಕಪ್ ಒಂದು ಪುಣೆಯ ಕಂಪನಿಯ ಹರಾಜಿನಲ್ಲಿದೆ, ಕೊಳ್ಳುವವನು ಅಕ್ಕಲಕೋಟೆಯವನು ಅಂದುಕೊಳ್ಳಿ. ಗಾಡಿಗೆ ಗಡಿ ದಾಟೋದು ಒಂದು ಗಂಟೆಯ ಕೆಲಸ, ಕಾಗದಕ್ಕೆ ತಿಂಗಳುಗಟ್ಟಲೆ. ಹಳೇ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಅದು ನಮೂನೆ 28. ಹೆಸರು ಬದಲಿಸೋಕೆ ನಮೂನೆ 29 ಮತ್ತು 30. ಸಾಲ ತೀರಿದೆ ಅನ್ನೋದಕ್ಕೆ ನಮೂನೆ 35. ಹಳೇ ಮಾಲೀಕ ಸಹಿ ಮಾಡೋಕೆ ಸಿಗದಿದ್ದರೆ ಫೈನಾನ್ಸ್ ಕಂಪನಿ ನಮೂನೆ 36ರಲ್ಲಿ ಅರ್ಜಿ ಹಾಕಿ ತನ್ನ ಹೆಸರಿಗೆ ಆರ್‌ಸಿ ಮಾಡಿಸಿಕೊಂಡಿರಬೇಕು. ಇವುಗಳಲ್ಲಿ ಯಾವುದು ಸಿದ್ಧ ಇದೆ, ಯಾವುದು ನಿಮ್ಮ ಪಾಲಿಗೆ ಬಿಟ್ಟಿದ್ದಾರೆ ಅಂತ ಕೂಗುವ ಮೊದಲೇ ಬರಹದಲ್ಲಿ ಕೇಳಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ರಾಜ್ಯದ ನಂಬರು ತಗೋಬೇಕು, ಅಲ್ಲಿನ ತೆರಿಗೆ ಕಟ್ಟಬೇಕು. 'ನಮ್ಮೂರಿಂದ ಕರ್ನಾಟಕ ಎರಡು ಕಿಲೋಮೀಟರ್' ಅನ್ನೋ ಮಾತು ಚೆಕ್‌ಪೋಸ್ಟಿನಲ್ಲಿ ನಡೆಯಲ್ಲ.

ಆದ್ದರಿಂದ ಕೂಗೋ ಬೆಲೆಯೇ ಗಾಡಿಯ ಬೆಲೆ ಅಲ್ಲ. ಕೂಗಿದ್ದು 3 ಲಕ್ಷ ಇರಬಹುದು. ಅದಕ್ಕೆ ಹರಾಜಿನ ಶುಲ್ಕ, ಯಾರ್ಡ್ ಬಾಡಿಗೆ, ಎಳೆದು ತರೋ ಖರ್ಚು, ರಿಪೇರಿ, ವಿಮೆ, ಹೊಸ ರಾಜ್ಯದ ತೆರಿಗೆ, ಬಾಕಿ ದಂಡ ಎಲ್ಲ ಸೇರಿಸಿ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರು ಹಾಕಿ ಆರ್‌ಸಿ, ವಿಮೆ, ಫಿಟ್ನೆಸ್ ನೋಡಿ. ಇ-ಚಲನ್ ತಾಣದಲ್ಲಿ ದಂಡ ನೋಡಿ. ಯಾರ್ಡಿಗೆ ಹೋದಾಗ ಮೆಕ್ಯಾನಿಕ್ ಜೊತೆಗಿರಲಿ, ಚಾಸಿ ನಂಬರು ಆರ್‌ಸಿಯ ನಂಬರಿಗೆ ಹೊಂದುತ್ತಾ ಅಂತ ಕಣ್ಣಾರೆ ನೋಡಿ. ಇನ್ನೊಂದು ಮಾತು. 'ಸರ್ಕಾರಿ ಜೀಪು, 40 ಸಾವಿರಕ್ಕೆ' ಅನ್ನೋ ಜಾಹೀರಾತು ಬರ್ತಾವೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಆಗಲ್ಲ, ಅವು ಗುಜರಿಗೇ ಹೋಗಬೇಕು. ಗುಜರಿಯ ಮಾಲನ್ನು ಓಡಿಸೋಕೆ ಅಂತ ಕೊಳ್ಳಬೇಡಿ.

ಹಳೇ ಮೊಬೈಲ್ ಆದರೆ ಇನ್ನೂ ಸುಲಭ. ಐಎಂಇಐ ನಂಬರನ್ನು 'ಸಂಚಾರ ಸಾಥಿ' ತಾಣದಲ್ಲಿ ಹಾಕಿದರೆ ಅದು ತಡೆಹಿಡಿದ ಫೋನೋ ಅಲ್ಲವೋ ಗೊತ್ತಾಗುತ್ತೆ. ನಂಬರು ಕೊಡದವನ ಹತ್ತಿರ ಫೋನ್ ಕೊಳ್ಳಬೇಡಿ.

ಈಗ ಮನೆ, ಸೈಟಿನ ವಿಷಯ. ಬ್ಯಾಂಕುಗಳು ಬಹುಮಟ್ಟಿಗೆ 2002ರ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕ್ತಾವೆ. ಅದರ ಗಡುವುಗಳನ್ನು ಬಾಯಿಪಾಠ ಮಾಡಿ. ಹರಾಜು ನಿಮಗೆ ನಿಂತರೆ ಅವತ್ತೇ, ತಡ ಅಂದರೆ ಮರುದಿನದ ಕೆಲಸದ ಹೊತ್ತಿಗೆ, ಠೇವಣಿಯೂ ಸೇರಿ ಬೆಲೆಯ ಶೇಕಡಾ 25 ಕಟ್ಟಬೇಕು. ಮಾರಾಟ ಖಾಯಂ ಆದ ಮೇಲೆ ಉಳಿದದ್ದನ್ನು 15 ದಿನದಲ್ಲಿ. ಬರಹದಲ್ಲಿ ಒಪ್ಪಿಗೆ ಸಿಕ್ಕರೆ ಅವಧಿ ಮುಂದಕ್ಕೆ ಹೋಗಬಹುದು, ಅದೂ 3 ತಿಂಗಳು ಮೀರುವಂತಿಲ್ಲ. 20 ಲಕ್ಷಕ್ಕೆ ಕೂಗಿದರೆ 5 ಲಕ್ಷ ತಕ್ಷಣ, 15 ಲಕ್ಷ ಹದಿನೈದೇ ದಿನದಲ್ಲಿ. 'ಆಮೇಲೆ ಲೋನ್ ಮಾಡ್ಕೊಂಡರಾಯ್ತು' ಅಂತ ಕೂಗಿ, ಲೋನ್ ತಡವಾದರೆ ಕಟ್ಟಿದ ಶೇಕಡಾ 25 ಪೂರ್ತಿ ಮುಟ್ಟುಗೋಲು. ಅದು ಸರಿ ಅಂತ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಮೊದಲು ಲೋನ್ ಮಾತು, ಆಮೇಲೆ ಹರಾಜಿನ ಕೂಗು.

ನೋಟೀಸಿನಲ್ಲಿ 'ಸಾಂಕೇತಿಕ ಸ್ವಾಧೀನ' ಅಂತ ಇದೆಯೋ 'ಭೌತಿಕ ಸ್ವಾಧೀನ' ಅಂತ ಇದೆಯೋ ನೋಡಿ. ಸಾಂಕೇತಿಕ ಅಂದರೆ ಬ್ಯಾಂಕ್ ಗೋಡೆಗೆ ಕಾಗದ ಅಂಟಿಸಿದೆ ಅಷ್ಟೇ, ಒಳಗಿನವರು ಒಳಗೇ ಇದ್ದಾರೆ. ಬೀಗದಕೈ ನಿಮ್ಮ ಕೈಗೆ ಬರೋಕೆ ವರ್ಷಗಳೂ ಹಿಡಿಯಬಹುದು. ಮತ್ತೆ, ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಕಾಯ್ದೆ ಅನ್ವಯಿಸಲ್ಲ. ತೋಟ, ಗದ್ದೆ ಈ ಕಾಯ್ದೆಯಡಿ ಹರಾಜಿಗೆ ಬಂದಿದ್ದರೆ 'ಭೂಪರಿವರ್ತನೆ ಆಗಿದೆಯಾ, ಕಾಗದ ತೋರಿಸಿ' ಅಂತ ಕೇಳದೆ ಮುಂದೆ ಹೋಗಬೇಡಿ.

ಆಸ್ತಿಯ ಮೇಲೆ ಬೇರೆ ಸಾಲ, ತಕರಾರು ಇದೆಯಾ ಅಂತ ನೋಡೋ ದಾಖಲೆಗೂ ಗಡಿ ದಾಟಿದಂತೆ ಹೆಸರು ಬದಲಾಗುತ್ತೆ. ಕರ್ನಾಟಕದಲ್ಲಿ ಋಣಭಾರ ಪತ್ರ, ಪಹಣಿ. ಕೇರಳದಲ್ಲಿ ಬಾಧ್ಯತಾ ಸರ್ಟಿಫಿಕೇಟ್. ತಮಿಳುನಾಡಿನಲ್ಲಿ ವಿಲ್ಲಂಗ ಪತ್ರ, ಪಟ್ಟಾ, ಚಿಟ್ಟಾ. ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಉತಾರ. ಆಂಧ್ರದಲ್ಲಿ ಅಡಂಗಲ್, ಒನ್-ಬಿ. ತೆಲಂಗಾಣದಲ್ಲಿ ಧರಣಿ ಹೋಗಿ 2025ರಿಂದ ಭೂಭಾರತಿ. ಗೋವಾದಲ್ಲಿ ನಮೂನೆ ಒಂದು-ಹದಿನಾಲ್ಕು. ಬೆಂಗಳೂರಿನಲ್ಲಿ ಕೂತವನಿಗೆ ಇದು ತಲೆಬುಡ ತಿಳಿಯಲ್ಲ. ನಮಗೆ ತಿಳಿಯುತ್ತೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳವೋ ಮರಾಠಿಯೋ ತೆಲುಗೋ ತಮಿಳೋ ಓದಿ ಬೆಳೆದವರು ನಾವು. ಎರಡು ಕಡೆಯ ಕಾಗದವನ್ನೂ ಓದಬಲ್ಲೆವು. ಹರಾಜಿನ ಪೇಟೆಯಲ್ಲಿ ಇದು ದೊಡ್ಡ ಬಂಡವಾಳ. ಇದನ್ನು ಬಳಸೋಣ.

ಹರಾಜಿಗೆ ಇನ್ನೊಂದು ತುದಿಯೂ ಇದೆ, ಅದನ್ನು ಮರೆತು ಬರೀ ಕೊಳ್ಳೋದರ ಮಾತಾಡಿದರೆ ಅನ್ಯಾಯ. ಆ ಮನೆ ನಮ್ಮವರದ್ದೇ ಆಗಿರಬಹುದು. ಸಾಲ ಕಟ್ಟೋಕೆ ಆಗದ ಮನೆಗೆ ಬ್ಯಾಂಕಿನಿಂದ ಮೊದಲು 60 ದಿನದ ನೋಟೀಸು ಬರುತ್ತೆ. ಅದಕ್ಕೆ ಆಕ್ಷೇಪ ಬರೆದರೆ ಬ್ಯಾಂಕ್ 15 ದಿನದಲ್ಲಿ ಉತ್ತರ ಕೊಡಲೇಬೇಕು. ಸ್ವಾಧೀನಕ್ಕೆ ತಗೊಂಡರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗೋಕೆ 45 ದಿನ. ಬಾಕಿ ಕಟ್ಟಿ ಮನೆ ಉಳಿಸಿಕೊಳ್ಳೋ ಹಕ್ಕು, 2016ರ ತಿದ್ದುಪಡಿಯ ಮೇಲೆ, ಹರಾಜಿನ ಪ್ರಕಟಣೆ ಹೊರಬೀಳೋವರೆಗೆ ಮಾತ್ರ. ಪ್ರಕಟಣೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದರಲ್ಲಿ ಬರಬೇಕು ಅಂತ ನಿಯಮ ಇದೆ. ಆದರೆ ಸ್ಥಳೀಯ ಅಂದರೆ ರಾಜ್ಯಭಾಷೆ ಅಂತಲೇ ಹಿಡಿದರೆ, ಕನ್ನಡ ಮಾತ್ರ ಓದೋ ಅಜ್ಜನ ಮನೆಗೆ ಆ ಸುದ್ದಿ ಮುಟ್ಟಲ್ಲ. ಅವರ ಮೇಜಿನ ಮೇಲೆ ಬಿದ್ದಿರೋ ಕಾಗದ ಏನು ಅಂತ ಓದಿ ಹೇಳೋಕೆ ಒಬ್ಬ ಹುಡುಗ ಇದ್ದರೆ, 60 ದಿನ ಕೈಯಲ್ಲಿರುತ್ತೆ. ಇಲ್ಲದಿದ್ದರೆ ಅದೇ ಮನೆಯನ್ನು ನಾವು ಫೋನಿನಲ್ಲಿ 'ಒಳ್ಳೆ ಡೀಲ್' ಅಂತ ನೋಡ್ತಾ ಇರ್ತೀವಿ.

ಇಷ್ಟೆಲ್ಲ ಎಚ್ಚರ ಇದ್ದೂ ಮೋಸ ಆದರೆ? ನಾಚಿಕೆ ಪಟ್ಟು ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು ಹಾಕಿ. ದುಡ್ಡು ಖಾತೆಯಿಂದ ಖಾತೆಗೆ ಜಾರೋ ಮೊದಲು ತಡೆಯೋದಕ್ಕೆ ಮೊದಲ ಗಂಟೆಗಳೇ ಮುಖ್ಯ. ಠಾಣೆಗೆ ಹೋದರೆ 'ಮೋಸ ಮಾಡಿದವನು ಆ ರಾಜ್ಯದವನು, ಅಲ್ಲಿಗೆ ಹೋಗಿ' ಅಂತಾರೆ. ಗಡಿಯವರಿಗೆ ಈ ಮಾತು ಹೊಸದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ಬರೆದುಕೊಂಡದ್ದನ್ನು ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ.

ಅಹವಾಲನ್ನು ಕನ್ನಡದಲ್ಲೇ ಬರೆಯಬಹುದಾ ಅಂತ ಕೇಳ್ತೀರಿ. ಸಂವಿಧಾನದ 350ನೇ ವಿಧಿ ಓದಿ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಕೊಡೋ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡೋದಕ್ಕೆ ಅವಕಾಶ ಕೊಟ್ಟಿದೆ. ಬಳಸದ ಹಕ್ಕು ತುಕ್ಕು ಹಿಡಿಯುತ್ತೆ.

ಕೊನೆಗೆ ನಾವು ಕೇಳೋದು ಒಂದೇ ಕೆಲಸ. ನಿಮ್ಮ ನಿಮ್ಮ ತಾಲೂಕಿನಲ್ಲಿ ಮೂರು ಜನ ಸೇರಿ. ಒಬ್ಬರು ರಾಜ್ಯಭಾಷೆಯ ಕಾಗದ ಚೆನ್ನಾಗಿ ಓದುವವರು, ಒಬ್ಬರು ಇಂಗ್ಲಿಷ್ ಷರತ್ತು ಬಿಡಿಸುವವರು, ಒಬ್ಬರು ಬ್ಯಾಂಕೋ ಆರ್‌ಟಿಒವೋ ತಿರುಗಿ ಬಲ್ಲವರು. ಊರಲ್ಲಿ ಯಾರೇ ಹರಾಜಿಗೆ ಹೋಗಲಿ, ಯಾರ ಮನೆಗೇ ಬ್ಯಾಂಕಿನ ಕಾಗದ ಬರಲಿ, ಮೊದಲು ಈ ಮೂವರ ಮುಂದೆ ಕನ್ನಡದಲ್ಲಿ ಓದಿಸಿಕೊಳ್ಳಲಿ. ಕೊಳ್ಳುವವರು ಗರಿಷ್ಠ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಆ ಮೂವರಿಗೆ ಕೊಟ್ಟು ಬರಲಿ. ಕೊನೆಯ ಐದು ನಿಮಿಷದಲ್ಲಿ ಯಾರೋ ಹತ್ತು ಸಾವಿರ ಏರಿಸಿದಾಗ ಬೆರಳು ತಡೆಯೋಕೆ ಆ ಚೀಟಿ ಸಾಕು. ಕೈತಪ್ಪಿದರೆ ಹೋಗಲಿ, ಮುಂದಿನ ವಾರ ಇನ್ನೊಂದು ಹರಾಜು ಇದ್ದೇ ಇರುತ್ತೆ.