ಹಳೆಯ ಗುಳಿಗೆ, ಸಣ್ಣ ಕೂಸು
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಮೆಟ್ರಿಕ್ ಓದಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೆ ಒಂದೇ ಖೋಲಿಯ ಸಂಸಾರ ನಮ್ಮಲ್ಲಿ ಬಹಳ ಜನರದು. ಅಡಿಗೆಯ ಡಬ್ಬಿ, ದೇವರ ಗೂಡು, ಔಷಧದ ಚೀಲ ಎಲ್ಲವೂ ಕೂಸಿನ ಕೈಗೆಟಕುವಂತೆಯೇ ಇರುತ್ತವೆ. ಅದಕ್ಕಾಗಿ ಈ ಎರಡು ಮಾತು.

ನಿದ್ರೆಯ ಗುಳಿಗೆಗೆ, ಇಲಿಪಾಷಾಣಕ್ಕೆ ನಾವು ಹೆದರುತ್ತೇವೆ. ಕಬ್ಬಿಣದ ಗುಳಿಗೆಗೆ ಹೆದರುವುದಿಲ್ಲ. ಅದು ಶಕ್ತಿಯ ಗುಳಿಗೆಯಲ್ಲವೆ! ಬಸುರಿಯರಿಗೆ ಸರಕಾರಿ ದವಾಖಾನೆಯಲ್ಲಿ 180 ದಿನಗಳ ಮಟ್ಟಿಗೆ ಕೆಂಪು ಗುಳಿಗೆ ಕೊಡುತ್ತಾರೆ. ಹೊಟ್ಟೆ ತೊಳಸುತ್ತದೆಂದು ಅರ್ಧಕ್ಕೇ ಬಿಡುವವರುಂಟು. ಉಳಿದದ್ದು ಗೂಡು ಸೇರುತ್ತದೆ. ಹುಟ್ಟಿದ ಕೂಸು ಅಂಬೆಗಾಲಿಡುವಾಗಲೂ ಅಲ್ಲೇ ಇರುತ್ತದೆ. ಮೇಲೆ ಸಕ್ಕರೆಯ ಲೇಪ, ಬಣ್ಣ ಕೆಂಪು. ಕೂಸಿಗೆ ಅದು ಪೆಪ್ಪರಮಿಂಟೇ. ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ. 10 ಕಿಲೊ ತೂಗುವ ಮಗು 10 ಗುಳಿಗೆ ನುಂಗಿದರೆ ಪ್ರಾಣಕ್ಕೆ ಕುತ್ತು. ನಾಲ್ಕರಿಂದಲೇ ವಿಷದ ಲಕ್ಷಣ ಕಾಣಬಹುದು.

ಇದರ ಮೋಸ ಕೇಳಿರಿ. ಮೊದಲು ವಾಂತಿ, ಭೇದಿ. ಕೆಲವು ತಾಸಿನ ಮೇಲೆ ಮಗು ಚೇತರಿಸಿಕೊಂಡು ಆಡತೊಡಗಬಹುದು. ಮನೆಯವರು ಗೆದ್ದೆವೆಂದುಕೊಳ್ಳುತ್ತಾರೆ. ಒಳಗೆ ಕಬ್ಬಿಣವು ಯಕೃತ್ತನ್ನು ಕೆಡಿಸುತ್ತಿರುತ್ತದೆ. ಆದುದರಿಂದ ವಾಂತಿ ನಿಂತಿತೆಂದು ಸುಮ್ಮನಿರಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಬಾರದು. ಅದು ಬೇರೊಂದು ಅಪಾಯ. 108ಕ್ಕೆ ಕರೆ ಮಾಡಿ, ಖಾಲಿ ಸ್ಟ್ರಿಪ್ ಕೈಯಲ್ಲಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೊರಡಿರಿ. ಎಷ್ಟು ಗುಳಿಗೆ ಹೋಗಿವೆಯೆಂದು ವೈದ್ಯರಿಗೆ ಅದರಿಂದಲೇ ಅಂದಾಜು ಸಿಗುವುದು.

ಉಳಿದದ್ದನ್ನು ಏನು ಮಾಡಬೇಕು? ಬಾಣಂತಿಗೂ ಇದೇ ಗುಳಿಗೆ ಬೇಕು. ದಿನ ಮೀರಿರದಿದ್ದರೆ ವೈದ್ಯರನ್ನು ಕೇಳದೆ ಚೆಲ್ಲಬೇಡಿರಿ, ಟ್ರಂಕಿನಲ್ಲಿ ಬೀಗ ಹಾಕಿಡಿರಿ. ದಿನ ಮೀರಿದ್ದನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಪುಡಿ ಮಾಡದೆ, ಸೋಸಿ ಉಳಿದ ಚಹಾಪುಡಿಯಲ್ಲೋ ಮಣ್ಣಿನಲ್ಲೋ ಕಲಸಿ, ಚೀಲದಲ್ಲಿ ಬಿಗಿದು ಕಟ್ಟಿರಿ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧವನ್ನು ಮನೆಯ ಅಪಾಯಕಾರಿ ಕಸದಲ್ಲಿ ಎಣಿಸಿದವು. ಕಸದ ಗಾಡಿಯವರಿಗೆ ಇಂಥದ್ದೆಂದು ಹೇಳಿ, ಬೇರೆಯಾಗಿಯೇ ಕೊಡಿರಿ. ಚಾಳಿನ ತೊಟ್ಟಿಯ ಬಳಿ ಹಾಗೆಯೇ ಸುರಿದರೆ ನಮ್ಮ ಕೂಸು ಉಳಿದೀತು, ಚಿಂದಿ ಆಯುವವರ ಕೂಸು ತಿಂದೀತು. ಮೋರಿಗೆ ಸುರಿಯುವುದೂ ಬೇಡ.

ಕೇರಳ ಸರಕಾರ 2025ರಲ್ಲಿ ಕೋಳಿಕ್ಕೋಡಿನಲ್ಲಿ ಮನೆಗಳಿಂದ ಹಳೆಯ ಔಷಧ ಸಂಗ್ರಹಿಸುವ ಯೋಜನೆ ಆರಂಭಿಸಿತು. ನಮ್ಮ ವಾರ್ಡಿನಲ್ಲಿಯೂ ಅಂಥದೊಂದು ಪೆಟ್ಟಿಗೆ ಇಡಬೇಕೆಂದು ಸಂಘದ ಪರವಾಗಿ ಅರ್ಜಿ ಬರೆದಿಟ್ಟಿದ್ದೇನೆ. ಪತ್ರಿಕೆಗಳ ಮೇಜಿನ ಮೇಲಿದೆ. ಹೋಗುವಾಗ ಸಹಿ ಹಾಕಿ ಹೋಗಬೇಕು.